ಗಾಲಿಯ ಆಳ, ಹುಡುಗನ ತೂಕ



ವಿಜ್ಞಾನದ ಪತ್ರಿಕೆಯಲ್ಲಿ ಸೈಕಲ್ ಗಾಲಿಯ ಮಾತೇಕೆ ಅಂತ ಹುಬ್ಬೇರಿಸಬೇಡಿ. ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನಮ್ಮ ಕನ್ನಡ ಶಾಲೆಗಳ ಕೆಲವು ಹುಡುಗರು ಈಗ ರೇಸ್ ಸೈಕಲ್ ಹಿಡಿದಿದ್ದಾರೆ. ಪಕ್ಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ನಾಡು. ಅಲ್ಲಿಯ ಸುದ್ದಿ ಇಲ್ಲಿಗೂ ಬರುತ್ತದೆ. ಹುಡುಗರ ಕಣ್ಣು ಮೊದಲು ಬೀಳುವುದು ಆಳವಾದ ಕಾರ್ಬನ್ ರಿಮ್ಮಿನ ಮೇಲೆ. ನಮ್ಮ ತಾಲೂಕಿನ ಒಬ್ಬ ತಂದೆ ತೊಗರಿ ಮಾರಿದ ದುಡ್ಡಿನಲ್ಲಿ ಮಗನಿಗೆ 60 ಮಿ.ಮೀ. ಆಳದ ಜೋಡಿ ಗಾಲಿ ಕೊಡಿಸಲು ಹೊರಟಿದ್ದರು. ಹುಡುಗನ ತೂಕ 50 ಕಿಲೋ. "ಸರ, ಇದನ್ನ ಹಾಕಿದ್ರ ಖರೇನ ಸ್ಪೀಡ್ ಬರ್ತದೇನ್ರಿ?" ಅಂತ ಅವರು ಕೇಳಿದರು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅಂಗಡಿಯವರಲ್ಲ, ನಾವು. ಇದು ನನ್ನ ಅಭಿಪ್ರಾಯ.

ರಿಮ್ಮಿನ ಆಳ ಅಂದರೆ ಟಾಯರ್ ಕೂರುವ ಅಂಚಿನಿಂದ ಕಡ್ಡಿ ಸೇರುವ ಒಳ ಅಂಚಿನವರೆಗಿನ ಅಳತೆ. ಆಳ ಹೆಚ್ಚಿದಂತೆ ಟಾಯರನ್ನು ಸೀಳಿ ಬಂದ ಗಾಳಿ ಚೆದುರದೆ ರಿಮ್ಮಿಗೆ ಅಂಟಿ ಹರಿಯುತ್ತದೆ, ಎಳೆತ ಕಡಿಮೆಯಾಗುತ್ತದೆ. ಇದು ನಿಜವೇ. ಆದರೆ ಗಾಳಿಯ ವಿರುದ್ಧ ಬೇಕಾಗುವ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ಗಾಲಿ 10 ವ್ಯಾಟ್ ಉಳಿಸುತ್ತದೆ ಎಂದುಕೊಳ್ಳೋಣ. 30 ಕಿ.ಮೀ. ವೇಗದಲ್ಲಿ ಅದೇ ಉಳಿತಾಯ 64ರಲ್ಲಿ 27 ಪಾಲು, ಅಂದರೆ 4 ವ್ಯಾಟ್ ಚಿಲ್ಲರೆ. ಜಾಹೀರಾತಿನ ಲೆಕ್ಕ ದೊಡ್ಡವರ ವೇಗದ್ದು. ನಮ್ಮ ಹುಡುಗ ಒಬ್ಬನೇ ಓಡಿಸುವ ವೇಗ ಅದಲ್ಲ.

"ಹಾಗಿದ್ರೆ ಹಗುರ ಗಾಲಿ ತಗೋಳ್ಳಿ" ಅನ್ನುವವರೂ ಇದ್ದಾರೆ. ಅದನ್ನೂ ತೂಗಿ ನೋಡೋಣ. ತಿರುಗುವ ರಿಮ್ಮಿಗೆ ಮುಂದೆ ಹೋಗುವ ಚಲನಶಕ್ತಿಯ ಜೊತೆಗೆ ತಿರುಗುವ ಚಲನಶಕ್ತಿಯೂ ಇರುತ್ತದೆ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ. ಆದ್ದರಿಂದ ವೇಗ ಹೆಚ್ಚಿಸುವಾಗ ರಿಮ್ಮಿನ 300 ಗ್ರಾಂ 600 ಗ್ರಾಂನಂತೆ ವರ್ತಿಸುತ್ತದೆ. ಹುಡುಗ 50, ಸೈಕಲ್ 9, ಒಟ್ಟು 59 ಕಿಲೋದಲ್ಲಿ ಅದು ನೂರಕ್ಕೆ ಒಂದು. ಒಂದೇ ವೇಗದಲ್ಲಿ ಸಾಗುವಾಗ ಅದೂ ಲೆಕ್ಕಕ್ಕಿಲ್ಲ. ಮೈಲುಗಟ್ಟಲೆ ಘಾಟ್ ಏರಬೇಕಾದರೆ ತೂಕಕ್ಕೆ ಬೆಲೆ ಬರುತ್ತದೆ. ಸೊಲ್ಲಾಪುರದ ಸುತ್ತ ಘಾಟ್ ಎಲ್ಲಿದೆ?

ಇಲ್ಲಿರುವುದು ಗಾಳಿ. ಮುಂಗಾರಿನಲ್ಲಿ, ಅದರಲ್ಲೂ ಆಷಾಢದಲ್ಲಿ, ಪಡುವಣ ಗಾಳಿ ನಮ್ಮ ಬಯಲಿನಲ್ಲಿ ಹೇಗೆ ಬೀಸುತ್ತದೆಂದು ನಿಮಗೆ ಹೇಳಬೇಕಿಲ್ಲ. ಈಗ ನಕಾಶೆ ತೆಗೆಯಿರಿ. ಸೊಲ್ಲಾಪುರದಿಂದ ಅಕ್ಕಲಕೋಟೆ ಪೂರ್ವಕ್ಕೆ, ತುಸು ದಕ್ಷಿಣಕ್ಕೆ ವಾಲಿದೆ. ಹೋಗುವಾಗ ಗಾಳಿ ಬೆನ್ನು ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ವಿಜಯಪುರದ ರಸ್ತೆಯಾದರೋ ಬಹುಮಟ್ಟಿಗೆ ನೇರ ದಕ್ಷಿಣಕ್ಕೆ. ಅಲ್ಲಿ ಅದೇ ಗಾಳಿ ಹೋಗುವಾಗ ಬಲಗಡೆಯಿಂದ, ಬರುವಾಗ ಎಡಗಡೆಯಿಂದ ಅಡ್ಡ ಹೊಡೆಯುತ್ತದೆ. ಉದ್ದದ ಸವಾರಿಗೆ ನಮ್ಮ ಹುಡುಗರು ಹಿಡಿಯುವುದು ಇದೇ ರಸ್ತೆಯನ್ನು.

ರಿಮ್ಮಿನ ಹೊರವ್ಯಾಸ ಸುಮಾರು 63 ಸೆಂ.ಮೀ. ಆಳ 30 ಮಿ.ಮೀ. ಇದ್ದರೆ ಪಕ್ಕದಿಂದ ಕಾಣುವ ಬಳೆಯ ಕ್ಷೇತ್ರಫಲ ಸುಮಾರು 565 ಚದರ ಸೆಂ.ಮೀ., ಒಂದು ಎ4 ಹಾಳೆಗಿಂತ ಸ್ವಲ್ಪ ಕಡಿಮೆ. 60 ಮಿ.ಮೀ. ಆದರೆ ಸುಮಾರು 1,070. ಒಂದು ರಟ್ಟು, ಜೋಡಿಸಿದ ಎರಡು ರಟ್ಟು, ಎರಡನ್ನೂ ಮಕ್ಕಳ ಕೈಗೆ ಕೊಟ್ಟು ಶಾಲೆಯ ಮಾಳಿಗೆ ಮೇಲೆ ಗಾಳಿಗೆ ಹಿಡಿಸಿ ನೋಡಿ; ವ್ಯತ್ಯಾಸ ಅವರೇ ಹೇಳ್ತಾರೆ. ಸೈಕಲ್ ಓಡುತ್ತಿರುವಾಗ ಅದರ ವೇಗವೂ ಗಾಳಿಗೆ ಸೇರಿಕೊಳ್ಳುವುದರಿಂದ ಒತ್ತಡ ಇನ್ನೂ ಹೆಚ್ಚು. ಮುಂದಿನ ಗಾಲಿ ಹ್ಯಾಂಡಲಿಗೆ ಸೇರಿದ್ದು, ಅಡ್ಡ ಬಿದ್ದ ಬಲ ಅದನ್ನು ತಿರುಗಿಸಲು ನೋಡುತ್ತದೆ. ತಿರುಗಿದ್ದನ್ನು ನೇರಕ್ಕೆ ತರುವ ಬಲ ಬಹುಪಾಲು ಬರುವುದು ಆ ಗಾಲಿಯ ಮೇಲಿನ ಭಾರದಿಂದ. 75 ಕಿಲೋ ಆಸಾಮಿಗೆ ಇರುವಷ್ಟು ಭಾರ 50 ಕಿಲೋ ಹುಡುಗನಿಗೆ ಎಲ್ಲಿಂದ ಬರಬೇಕು? ಗಾಲಿಯ ಮೇಲೆ ಗಾಳಿ ಹಾಕುವ ಬಲ ಮಾತ್ರ ಇಬ್ಬರಿಗೂ ಒಂದೇ.

ಒಂದೇ ಸಮ ಬೀಸುವ ಗಾಳಿಗೆ ಮೈ ವಾಲಿಸಿ ಹೊಂದಿಕೊಳ್ಳಬಹುದು. ಅಪಾಯ ಇರುವುದು ಬದಲಾವಣೆಯಲ್ಲಿ. ಎತ್ತರದ ಕಬ್ಬಿನ ಹೊಲ ಗಾಳಿಯನ್ನು ತಡೆದಿರುತ್ತದೆ. ಹೊಲ ಮುಗಿದು ಬಯಲು ಬಂದ ಕೂಡಲೇ ರಪ್ಪನೆ ಹೊಡೆತ. ಲಾರಿ ಪಕ್ಕದಲ್ಲಿ ದಾಟಿದಾಗಲೂ ಹೀಗೇ: ಕ್ಷಣ ನಿಂತ ಗಾಳಿ ಮತ್ತೆ ಬರುವಷ್ಟರಲ್ಲಿ ಹುಡುಗ ಒಂದು ಮೊಳ ಸರಿದಿರುತ್ತಾನೆ. ಹೆದ್ದಾರಿಯಲ್ಲಿ ಒಂದು ಮೊಳ ಅಂದರೆ ಏನು ಅಂತ ಪಾಲಕರಿಗೆ ಬಿಡಿಸಿ ಹೇಳಲೇಬೇಕು.

ಇದು ಅಂಜುಬುರುಕರ ಲೆಕ್ಕ ಅನ್ನಬೇಡಿ. ಹವಾಯಿಯ ಕೋನಾದಲ್ಲಿ ನಡೆಯುವ ಐರನ್‌ಮ್ಯಾನ್ ವಿಶ್ವ ಸ್ಪರ್ಧೆಯಲ್ಲಿ ಪೂರ್ತಿ ಮುಚ್ಚಿದ ಡಿಸ್ಕ್ ಗಾಲಿಗೆ ನಿಷೇಧ ಇರುವುದು ಅಡ್ಡಗಾಳಿಯ ಕಾರಣಕ್ಕೇ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೂ ಗುಂಪಾಗಿ ಓಡುವ ರಸ್ತೆ ರೇಸುಗಳಲ್ಲಿ ರಿಮ್ಮಿನ ಆಳಕ್ಕೆ 2026ರಿಂದ 65 ಮಿ.ಮೀ. ಮಿತಿ ಹಾಕಿದೆ.

ನಮ್ಮ ಮಕ್ಕಳಿಗೆ ಈ ಮಾಹಿತಿ ಕನ್ನಡದಲ್ಲಿ ಸಿಗುವುದು ಅಪರೂಪ. ಮೊಬೈಲಿನಲ್ಲಿ ನೋಡುವುದು ಇಂಗ್ಲಿಷ್ ವಿಡಿಯೋ, ಮಾತು ಅರ್ಥವಾಗದಿದ್ದರೂ ಗಾಲಿಯ ಹೊಳಪು ಅರ್ಥವಾಗುತ್ತದೆ. ಇಯತ್ತೆ ಒಂಬತ್ತರಲ್ಲಿ ನಾವು ಚಲನೆಯ ನಿಯಮ, ಕಾರ್ಯ, ಶಕ್ತಿ ಎಲ್ಲ ಕಲಿಸುತ್ತೇವೆ, ಆದರೆ ಲೆಕ್ಕದ ಕೊನೆಗೆ "ಗಾಳಿಯ ರೋಧವನ್ನು ನಿರ್ಲಕ್ಷಿಸಿ" ಅಂದುಬಿಡುತ್ತೇವೆ. ಬೋರ್ಡ್ ಪರೀಕ್ಷೆಗೆ ಅದು ಸಾಕು. ತೊಗರಿ ಮಾರಿದ ತಂದೆಗೆ ಸಾಲದು.

ಆ ತಂದೆಗೆ ನಾನು ಹೇಳಿದ್ದು ಇಷ್ಟು. ಮುಂದಿನ ಗಾಲಿ 30ರಿಂದ 35 ಮಿ.ಮೀ. ಸಾಕು, ಅಲ್ಯೂಮಿನಿಯಂ ಆದರೂ ನಡೀತದ. ಹಿಂದಿನದು ಹ್ಯಾಂಡಲಿಗೆ ಸೇರಿದ್ದಲ್ಲ, ಅವನ ಮೈಭಾರ ಹೆಚ್ಚು ಬೀಳೋದೂ ಅದರ ಮೇಲೇ. ತೀರಾ ಹಟ ಹಿಡಿದರೆ ಅದನ್ನು 45-50ರದ್ದು ಕೊಡಿಸಿ. ಉಳಿದ ದುಡ್ಡಲ್ಲಿ ಒಳ್ಳೆ ಟಾಯರ್, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್. 60ರ ಆಸೆ ಹೋಗದಿದ್ದರೆ ದೀಪಾವಳಿ ಕಳೆದು ಗಾಳಿ ಇಳಿದ ಮೇಲೆ ಯಾರದಾದರೂ ಗಾಲಿ ಕೇಳಿ ತಂದು, ಅಕ್ಕಲಕೋಟೆ ರಸ್ತೆಯಲ್ಲಿ ನಸುಕಿನಲ್ಲಿ ಒಂದು ಸಲ ಓಡಿಸಿ ನೋಡಲಿ.