ಹಿಂದಿನ ದೀಪ ಎಲ್ಲಿ?

ಸಂಕ್ರಾಂತಿಗೆ ಬೆಂಗಳೂರಿನಿಂದ ಊರಿಗೆ ಹೋಗಿದ್ದೆ. ರಾತ್ರಿ ಬೀದರ್‌ನಿಂದ ಮನ್ನಳ್ಳಿಗೆ ಬೈಕ್ ಮ್ಯಾಲೆ ಹೊಂಟಾಗ ಮುಂದೆ ಬರೀ ಕತ್ತಲು. ಹತ್ತು ಮಾರು ಉಳಿದಾಗ ಗೊತ್ತಾಯ್ತು, ಆ ಕತ್ತಲೇ ಕಬ್ಬು ಹೇರಿದ ಟ್ರೇಲರ್! ಒಂದು ಟ್ರ್ಯಾಕ್ಟರ್, ಎರಡು ಟ್ರೇಲರ್, ಹಿಂದೆ ಒಂದೂ ದೀಪ ಇಲ್ಲ. ಬ್ರೇಕ್ ಹಿಡೀತು, ಉಳಿದೆ.

ನೀರಿನ ಮ್ಯಾಲೆ ಹಿಂಗ ನಡೆಯಂಗಿಲ್ಲ. 1972ರ ಅಂತರರಾಷ್ಟ್ರೀಯ ನಿಯಮದಂತೆ, ಸಮುದ್ರದಲ್ಲಾಗಲಿ ಅದಕ್ಕೆ ಕೂಡಿದ ನದಿಯಲ್ಲಾಗಲಿ, ಇನ್ನೊಂದನ್ನು ಎಳೆದೊಯ್ಯುವ ಹಡಗು ಒಂದರ ಮೇಲೊಂದು ಎರಡು ಬಿಳಿ ದೀಪ ಹಚ್ಚಬೇಕು. ಎಳೆತದ ಉದ್ದ 200 ಮೀಟರ್ ದಾಟಿದರೆ ಮೂರು. ಹಿಂಭಾಗದಲ್ಲಿ ಬಿಳಿಯ ಮೇಲೆ ಹಳದಿ. ಎಳೆಸಿಕೊಳ್ಳುವ ದೋಣಿಗೂ ತನ್ನದೇ ದೀಪ ಬೇಕು. 'ನನ್ನ ಬೆನ್ನಿಗೆ ಇನ್ನೊಂದದ, ಹುಷಾರ್' ಅಂತ ದೂರದಿಂದಲೇ ಹೇಳೋ ಭಾಷೆ ಅದು.

ನಮ್ಮಲ್ಲೂ ಕಾಯಿದೆ ಅದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಕೇಳ್ತಾವ. ಇದ್ದರೂ ಜೋತುಬಿದ್ದ ಕಬ್ಬು ಅದನ್ನ ಮುಚ್ಚತದ. ಡಿಕ್ಕಿಯಾದ್ರ ಡ್ರೈವರ್‌ನ ಬೈದು ಸುಮ್ಮನಾಗ್ತೀವಿ. ಕಬ್ಬು ತರಿಸಿಕೊಳ್ಳೋ ಕಾರ್ಖಾನೆಯವರನ್ನ ಯಾರೂ ಕೇಳಂಗಿಲ್ಲ. ಪ್ರತಿ ಟ್ರೇಲರ್ ಅವರ ಕಾಟಾ ಹತ್ತಿಯೇ ಇಳೀತದ. ಖಾಲಿಯಾಗಿ ಗೇಟ್ ದಾಟೋ ಮುಂಚೆ, ಹೇರಿದ ಕಬ್ಬಿನ ತುದಿಗೆ ಕಟ್ಟಲಿಕ್ಕೆ ಒಂದು ಕೆಂಪು ದೀಪ ಕೊಟ್ಟು ಕಳಸ್ರಿ. ಕಿಲೋ ಲೆಕ್ಕ ತಪ್ಪದವರಿಗೆ ಒಂದು ದೀಪದ ಲೆಕ್ಕ ಭಾರವೇನ್ರಿ?