ಗಾಳಿಗೆ ಗಡಿಯಿಲ್ಲ: ಕುಲಾಂತರಿ ಸಸ್ಯಗಳ ಅಪಾಯವನ್ನು ಅಳೆಯುವವರು ಯಾರು?

ನಮ್ಮ ಆದವಾನಿ ಸೀಮೆಯಲ್ಲಿ ಒಂದೇ ಮುಳ್ಳುಗಿಡಕ್ಕೆ ಎರಡು ಹೆಸರು. ಕನ್ನಡದಲ್ಲಿ ಅದು ಬಳ್ಳಾರಿ ಜಾಲಿ. ತೆಲುಗಿನಲ್ಲಿ ಸರ್ಕಾರು ತುಮ್ಮ. ಅಮೆರಿಕ ಖಂಡದಿಂದ ಬಂದ ಈ ಗಿಡದ ಬೀಜವನ್ನು 1877ರಲ್ಲಿ, ಧಾತು ಬರದ ಆ ದಿನಗಳಲ್ಲಿ, ಕಡಪ ಸೀಮೆಯ ಕಮಲಾಪುರದಲ್ಲಿ ಸರ್ಕಾರವೇ ಬಿತ್ತಿಸಿತು. ಬೋಳು ನೆಲಕ್ಕೆ ಹಸಿರಾಗಲಿ, ಬಡವರಿಗೆ ಸೌದೆಯಾಗಲಿ ಎಂಬ ಉದ್ದೇಶ ಒಳ್ಳೆಯದೇ ಆಗಿತ್ತು. ಇಂದು ಕೆರೆಯಂಗಳ, ಗೋಮಾಳ, ಹಳ್ಳದ ದಂಡೆ, ಬೀಳುಬಿದ್ದ ಹೊಲ ಎಲ್ಲವೂ ಅದರ ವಶ. 1953ರವರೆಗೆ ಆದವಾನಿಯೂ ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿದ್ದುದರಿಂದ ಆ ಹೆಸರಿನ ಅಪಕೀರ್ತಿಯಲ್ಲಿ ನಮಗೂ ಪಾಲುಂಟು. ಆದರೆ ಹೊಣೆ ಯಾರದೆಂಬುದನ್ನು ತೆಲುಗು ಬಂಧುಗಳು ಇಟ್ಟ ಹೆಸರೇ ಸರಿಯಾಗಿ ಹೇಳುತ್ತದೆ.

ಬಳ್ಳಾರಿ ಜಾಲಿ ಕುಲಾಂತರಿಯಲ್ಲ. ಆದರೂ ಕುಲಾಂತರಿ ಸಸ್ಯಗಳ ಚರ್ಚೆಯನ್ನು ಇಲ್ಲಿಂದಲೇ ಆರಂಭಿಸಬೇಕೆಂದು ನಾವು ಬಯಸುತ್ತೇವೆ. ಒಂದು ಸಸ್ಯ ಹೊಸ ನೆಲಕ್ಕೆ ಬಂದ ಮೇಲೆ ಅದರ ನಿಜಗುಣ ತಿಳಿಯಲು ಒಂದೆರಡು ತಲೆಮಾರೇ ಬೇಕಾಗಬಹುದು. ತಿಳಿದಾಗ ಮರಳಿ ಕಳಿಸುವ ದಾರಿ ಇರುವುದಿಲ್ಲ. ಕೆಟ್ಟ ಔಷಧಿಯನ್ನು ಅಂಗಡಿಯಿಂದ ಹಿಂದಕ್ಕೆ ಪಡೆಯಬಹುದು. ಕೆಟ್ಟ ಬೀಜವನ್ನು ನೆಲದಿಂದ ಹಿಂದಕ್ಕೆ ಪಡೆದವರನ್ನು ನಾವು ಕಂಡಿಲ್ಲ.

ಕುಲಾಂತರಿಯ ಪರವಾಗಿ ಮಾತನಾಡುವ ವಿದ್ವಾಂಸರು ಬಿಟಿ ಹತ್ತಿಯನ್ನು ಬೆರಳು ಮಾಡಿ ತೋರಿಸುತ್ತಾರೆ: ಇಪ್ಪತ್ತು ವರ್ಷಗಳಿಂದ ಬೆಳೆಯುತ್ತಿದ್ದೀರಿ, ಏನು ಪ್ರಳಯವಾಯಿತು? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. 2002ರ ಮಾರ್ಚ್ ತಿಂಗಳಲ್ಲಿ ಅನುಮತಿ ದೊರೆತ ಆ ಹತ್ತಿಯನ್ನು ನಮ್ಮ ರೈತರು ಬರಮಾಡಿಕೊಂಡದ್ದು ಮೌಢ್ಯದಿಂದಲ್ಲ. ಹಸಿರು ಕಾಯಿಕೊರಕಕ್ಕೆ ಔಷಧಿ ಹೊಡೆದು ಹೊಡೆದು ಸಾಲಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡವರನ್ನು ಆಂಧ್ರದ ಹತ್ತಿ ಸೀಮೆ ಕಂಡಿತ್ತು. ಮೊದಲ ವರ್ಷಗಳಲ್ಲಿ ಆ ಹುಳುವಿನ ಕಾಟ ತಗ್ಗಿದ್ದೂ ನಿಜ. ಕುಲಾಂತರಿ ಎಂದೊಡನೆ ವಿಷವೆಂದು ಕೂಗುವವರ ಜೊತೆ ನಾವಿಲ್ಲ.

ಆದರೆ ಆ ಕಥೆಯ ಉತ್ತರಾರ್ಧವನ್ನೂ ಓದಬೇಕು. ಹುಳುವಿಗೆ ನಿರೋಧಶಕ್ತಿ ಬಾರದಿರಲೆಂದು ಸುತ್ತಲೂ ಐದು ಸಾಲು ಇಲ್ಲವೇ ಶೇಕಡಾ 20ರಷ್ಟು ಜಾಗದಲ್ಲಿ ಬಿಟಿ ಅಲ್ಲದ ಹತ್ತಿಯನ್ನು ಹಾಕಬೇಕೆಂಬ ನಿಯಮವಿತ್ತು. ಅದಕ್ಕಾಗಿ 450 ಗ್ರಾಮಿನ ಬೀಜದ ಜೊತೆಗೆ 120 ಗ್ರಾಮಿನ ಚಿಕ್ಕ ಪೊಟ್ಟಣವನ್ನೂ ಕೊಡುತ್ತಿದ್ದರು. ಆ ಪೊಟ್ಟಣಗಳು ಬದುವಿನ ಮೇಲೆ ಒಡೆಯದೆಯೇ ಬಿದ್ದಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮೂರೆಕರೆಯ ಒಕ್ಕಲಿಗ ಐದನೆಯ ಒಂದು ಪಾಲನ್ನು ಹುಳುವಿಗೆ ಬಿಟ್ಟುಕೊಟ್ಟಾನೆಯೇ? ಅದು ಏಕೆ ಬೇಕೆಂದು ಅವನ ಮಾತಿನಲ್ಲಿ ಅವನಿಗೆ ತಿಳಿಸಿದವರಾದರೂ ಯಾರು? ಫಲವನ್ನು ಎಲ್ಲರೂ ಬಲ್ಲರು. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿಯನ್ನು ಅರಗಿಸಿಕೊಂಡಿತೆಂದು 2010ರಲ್ಲಿ ಬೀಜದ ಕಂಪನಿಯೇ ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ ಎರಡು ವಂಶವಾಹಿಗಳ ಎರಡನೆಯ ಬಿಟಿಯೂ ಅದಕ್ಕೆ ಮಣಿಯಿತು. ಇತ್ತ ನಮ್ಮ ಹೊಲಗಳಲ್ಲಿ ಮುಂಗಾರಿ, ಹಿಂಗಾರಿ ಎಂಬ ಕನ್ನಡದ ಹೆಸರುಗಳಿಂದಲೇ ಪೇಟೆಯಲ್ಲಿ ಬಿಕರಿಯಾಗುತ್ತಿದ್ದ ನಾಟಿ ಹತ್ತಿಗಳು ಕಾಣದಾದವು. ಅವನ್ನು ಪರಾಗ ಕೆಡಿಸಲಿಲ್ಲ. ಅವುಗಳ ಜಾಗವನ್ನು ಹೈಬ್ರಿಡ್‌ಗಳು ಆಕ್ರಮಿಸಿದವು, ಅಷ್ಟೇ. ಕಾಗದದ ಮೇಲಿನ ಪರೀಕ್ಷೆಯಲ್ಲಿ ಹತ್ತಿ ತೇರ್ಗಡೆಯಾಯಿತು. ಹೊಲದ ಪರೀಕ್ಷೆಯಲ್ಲಿ ಸೋತದ್ದು ಆ ಕಾಗದ.

ಹಾಗಿದ್ದೂ ಹತ್ತಿ ಒಂದು ಸಾಧು ಸಸ್ಯ. ಅದರ ಪರಾಗ ಅಂಟಂಟು, ಭಾರ. ಗಾಳಿಯಲ್ಲಿ ಬಹುದೂರ ಹೋಗದು. ಹುಲ್ಲಿನ ಜಾತಿ ಹಾಗಲ್ಲ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮದ್ರಾಸ್ ಎಂಬ ಪುಟ್ಟ ಊರಿದೆ. ಮದ್ರಾಸಿನ ಹತ್ತಿಬಟ್ಟೆಯಿಂದ ಅದಕ್ಕೆ ಆ ಹೆಸರು ಬಂತೆಂದು ಹೇಳುತ್ತಾರೆ. ಒಂದು ಕಾಲಕ್ಕೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಾವು ಆ ಊರಿನ ಅನುಭವವನ್ನು ಕೇಳಲೇಬೇಕು. ಗಾಲ್ಫ್ ಮೈದಾನಗಳಿಗಾಗಿ ಸ್ಕಾಟ್ಸ್ ಮತ್ತು ಮಾನ್ಸಾಂಟೋ ಕಂಪನಿಗಳು ಗ್ಲೈಫೋಸೇಟ್ ಕಳೆನಾಶಕಕ್ಕೆ ಸಾಯದ ಬೆಂಟ್‌ಗ್ರಾಸ್ ಎಂಬ ಹುಲ್ಲನ್ನು ರೂಪಿಸಿ, 2003ರಲ್ಲಿ ಅಲ್ಲಿ ಸುಮಾರು 400 ಎಕರೆಯಲ್ಲಿ ಬೆಳೆದವು. ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಗಾಳಿ ಬೀಸುವ ದಿಕ್ಕಿನಲ್ಲಿ ಸಾದಾ ಹುಲ್ಲಿನ ಗಿಡಗಳನ್ನಿರಿಸಿ ಪರೀಕ್ಷಿಸಿದಾಗ, 21 ಕಿಲೋಮೀಟರ್ ದೂರದ ಗಿಡದ ಬೀಜದಲ್ಲೂ ಕುಲಾಂತರಿ ವಂಶವಾಹಿ ದೊರೆಯಿತು. ಅಷ್ಟರಲ್ಲಿ ನಮ್ಮಲ್ಲಿ ಒಂದು ಮಂಡಲ ದಾಟಿ ಇನ್ನೊಂದು ಮಂಡಲ ಬರುತ್ತದೆ. 2007ರಲ್ಲಿ ಸರ್ಕಾರ ಸ್ಕಾಟ್ಸ್ ಕಂಪನಿಗೆ 5 ಲಕ್ಷ ಡಾಲರ್ ದಂಡ ವಿಧಿಸಿತು. ಹುಲ್ಲಿಗೆ ದಂಡದ ಭಯವುಂಟೆ? 2010ರಲ್ಲಿ ಅದೇ ರಾಜ್ಯದ ಮತ್ತೊಂದು ಅಂಚಿನಲ್ಲಿ, ಮಲ್ಹೂರ್ ಕೌಂಟಿಯ ನೀರಾವರಿ ಕಾಲುವೆಗಳ ದಂಡೆಯಲ್ಲಿ ಅದು ಬೇರೂರಿ ನಿಂತಿತ್ತು. ಸ್ನೇಕ್ ನದಿಯಾಚೆ ಐಡಹೊ ರಾಜ್ಯದಲ್ಲಿ ನಡೆದಿದ್ದ ಪ್ರಯೋಗದ ತಾಕಿನಿಂದ, ರಾಜ್ಯದ ಗಡಿಯನ್ನೇ ದಾಟಿ ಬಂದಿತ್ತು. 2017ರಲ್ಲಿ ಅಮೆರಿಕದ ಕೃಷಿ ಇಲಾಖೆ ಆ ಹುಲ್ಲನ್ನು ನಿಯಂತ್ರಣದಿಂದಲೇ ಬಿಡುಗಡೆ ಮಾಡಿತು. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಮುಚ್ಚುವುದನ್ನು ಕೇಳಿದ್ದೆವು. ಇಲ್ಲಿ ಬಾಗಿಲನ್ನೇ ಕಿತ್ತು ಇಟ್ಟರು. ಮಾರುಕಟ್ಟೆಗೆ ಎಂದೂ ಬಾರದ ಒಂದು ಹುಲ್ಲು, ಬರೀ ಪ್ರಯೋಗದ ಹಂತದಲ್ಲೇ ಮಾಡಿದ ಸಂಸಾರವಿದು.

ಗಾಲ್ಫ್ ಹುಲ್ಲು ನಮಗೇಕೆ ಎನ್ನುವವರಿಗೆ ಒಂದು ಮಾತು. ಜೋಳವೂ ಹುಲ್ಲಿನ ಕುಲವೇ, ಸಜ್ಜೆಯೂ ಹುಲ್ಲಿನ ಕುಲವೇ. ಜಾನ್ಸನ್ ಹುಲ್ಲು ಎಂಬ ಜೋಳದ ದಾಯಾದಿ ಜಗತ್ತಿನ ಅತಿ ಹಟಮಾರಿ ಕಳೆಗಳಲ್ಲೊಂದು, ಭಾರತದಲ್ಲೂ ಇದೆ. ಜೋಳದ ಪರಾಗ ಅದಕ್ಕೆ ತಾಗಿ ಮಿಶ್ರತಳಿ ಹುಟ್ಟುತ್ತದೆಂಬುದು ಹೊಲದಲ್ಲೇ ಸಿದ್ಧವಾದ ಸಂಗತಿ. ಅರ್ಜೆಂಟೀನಾದ ಕುಲಾಂತರಿ ಸೋಯಾ ಹೊಲಗಳಲ್ಲಿ ಒಂದೇ ಕಳೆನಾಶಕವನ್ನು ವರ್ಷವರ್ಷವೂ ಸುರಿದ ಕಾರಣ ಇದೇ ಜಾನ್ಸನ್ ಹುಲ್ಲು ಆ ಔಷಧಿಗೆ ಸಾಯದಂತಾಯಿತು. ಅಲ್ಲಿ ಪರಾಗದ ನಂಟೂ ಬೇಕಾಗಲಿಲ್ಲ. ಇನ್ನು ಕಳೆನಾಶಕ ಸಹಿಸುವ ಜೋಳವನ್ನೇ ನಾಳೆ ನಮ್ಮ ಎರೆಹೊಲಕ್ಕೆ ತಂದರೆ, ಆ ಶಕ್ತಿ ದಾಯಾದಿಗೆ ದಾಟಿದ ದಿನ ರೊಟ್ಟಿಯ ಬುಡಕ್ಕೇ ಕೊಡಲಿ ಬಿದ್ದಂತೆ.

ಆದುದರಿಂದ ನಮ್ಮ ವಾದ ಇಷ್ಟೇ. ಅಪಾಯವಿರುವುದು ಸೇರಿಸಿದ ವಂಶವಾಹಿಯೊಂದರಲ್ಲೇ ಅಲ್ಲ. ಆ ಸಸ್ಯದ ದಾಯಾದಿಗಳಲ್ಲಿ, ಬೀಸುವ ಗಾಳಿಯಲ್ಲಿ, ಹರಿಯುವ ಕಾಲುವೆಯಲ್ಲಿ, ಬೆಳೆಯುವವನ ಬಡತನದಲ್ಲಿ ಅದು ಅಡಗಿದೆ. ಇವು ಊರಿಂದೂರಿಗೆ ಬೇರೆ. ಬೀಜ ತಯಾರಿಸುವವರೇ ಸಲ್ಲಿಸಿದ ಮಾಹಿತಿಯನ್ನು ಮುಖ್ಯ ಆಧಾರವಾಗಿಟ್ಟುಕೊಂಡು, ಕೆಲವು ಹಂಗಾಮುಗಳ ಪ್ರಯೋಗ ನೋಡಿ, ದೆಹಲಿಯ ಸಮಿತಿಯೊಂದು ಇಡೀ ದೇಶಕ್ಕೆ ಒಂದೇ ತೀರ್ಪು ಕೊಡುವುದು ಅಳತೆಯಲ್ಲ. ಉತ್ತರ ಬರೆದ ವಿದ್ಯಾರ್ಥಿಯ ಕೈಗೇ ಅಂಕಪಟ್ಟಿಯನ್ನೂ ಕೊಡುವ ಶಾಲೆಯಲ್ಲಿ ಎಲ್ಲರೂ ಪ್ರಥಮ ದರ್ಜೆಯೇ!

ಕನ್ನಡದಲ್ಲಿ ಕಳೆ ಎಂದರೆ ಹೊಲದ ಕೇಡೂ ಹೌದು, ಮುಖದ ಕಾಂತಿಯೂ ಹೌದು. ವರದಿಗಳಲ್ಲಿ ಕಳೆಯೆಂದು ಹೆಸರಾದ ಅಣ್ಣೆಸೊಪ್ಪು, ಗೋಳಿಸೊಪ್ಪು, ಕಿರಕಸಾಲಿ ನಮ್ಮ ಮನೆಗಳಲ್ಲಿ ಮುದ್ದೆ ರೊಟ್ಟಿಗಳ ಜೊತೆಯ ಪಲ್ಯ. ಕಳೆ ತೆಗೆಯುವ ಕೂಲಿ ನಮ್ಮ ಹೆಣ್ಣುಮಕ್ಕಳ ಮುಂಗಾರಿನ ಜೀವನ. ಕಳೆನಾಶಕದ ಬೆಳೆ ಬಂದರೆ ಇವೆರಡೂ ಒಟ್ಟಿಗೆ ಹೋಗುತ್ತವೆ. ಈ ನಷ್ಟವನ್ನು ಯಾವ ಅಂಕಣದಲ್ಲಿ ಬರೆಯುತ್ತಾರೆ? ಸರ್ವೋಚ್ಚ ನ್ಯಾಯಾಲಯ ನೇಮಿಸಿದ ತಾಂತ್ರಿಕ ತಜ್ಞರ ಸಮಿತಿಯ ಬಹುಮತದ ವರದಿಯೂ 2013ರಲ್ಲಿ ಇಂತಹ ಬೆಳೆ ಈ ದೇಶಕ್ಕೆ ತಕ್ಕುದಲ್ಲವೆಂದಿತು. ಆದರೂ ಕಳೆನಾಶಕ ಸಹಿಸುವ ಹತ್ತಿ ಯಾವ ಅನುಮತಿಯೂ ಇಲ್ಲದೆ ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಲ್ಲಿ ಕದ್ದು ಮಾರಾಟವಾಗುತ್ತಿದೆ. ಇಲ್ಲಿ ಅಳತೆ ತಪ್ಪಿತೆನ್ನುವಂತಿಲ್ಲ, ಅಳತೆಯೇ ನಡೆದಿಲ್ಲ.

ಬಿಟಿ ಬದನೆಯ ವಿಷಯದಲ್ಲಿ ಸಚಿವ ಜೈರಾಂ ರಮೇಶ್ ಅವರು ಏಳು ನಗರಗಳಲ್ಲಿ ಜನರ ಅಹವಾಲು ಕೇಳಿ, 2010ರ ಫೆಬ್ರವರಿ 9ರಂದು ತಡೆ ಘೋಷಿಸಿದರು. ಕೇಳಿದ್ದು ದೊಡ್ಡ ಗುಣ. ಆದರೆ 2016ರಲ್ಲಿ ಕುಲಾಂತರಿ ಸಾಸಿವೆಯ ಸರದಿ ಬಂದಾಗ, ಪೂರ್ಣ ಕಡತ ನೋಡಬಯಸಿದವರು ದೆಹಲಿಯ ಸಚಿವಾಲಯಕ್ಕೇ ಹೋಗಬೇಕಾಯಿತು. ಅದೂ ಇಂಗ್ಲಿಷ್ ಬಲ್ಲವರಾಗಿದ್ದರೆ. 2024ರ ಜುಲೈ 23ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸಂಜಯ್ ಕರೋಲ್ ಅವರ ಪೀಠ ಸಾಸಿವೆಯ ಬಗ್ಗೆ ಭಿನ್ನ ತೀರ್ಪು ಕೊಟ್ಟರೂ, ರೈತರು, ರಾಜ್ಯಗಳು ಸೇರಿ ಎಲ್ಲರನ್ನೂ ಕೇಳಿ ರಾಷ್ಟ್ರೀಯ ನೀತಿ ರೂಪಿಸಬೇಕೆಂಬುದರಲ್ಲಿ ಇಬ್ಬರೂ ಒಂದಾದರು.

ಎಲ್ಲರನ್ನೂ ಎಂದರೆ ನಮ್ಮನ್ನೂ. ಗಡಿಯ ಕನ್ನಡಿಗರಿಗೆ ಕಚೇರಿಯ ಕಾಗದ ತೆಲುಗಿನಲ್ಲಿ, ಬೀಜದ ಕಡತ ಇಂಗ್ಲಿಷಿನಲ್ಲಿ, ಅನುಭವವೆಲ್ಲ ಕನ್ನಡದಲ್ಲಿ. ಸಂಘವೆಂದರೆ ಹಾಡು, ಹಾರ, ಸನ್ಮಾನಗಳಷ್ಟೇ ಅಲ್ಲ. ಈ ಸಮ್ಮೇಳನ ಒಂದು ನಿರ್ಣಯ ಮಾಡಲಿ: ಪರಿಸರ ಅಪಾಯದ ವರದಿ ಬೆಳೆ ಬರುವ ನೆಲದ ಭಾಷೆಗಳಲ್ಲಿ, ಇಲ್ಲಿ ತೆಲುಗು ಕನ್ನಡಗಳೆರಡರಲ್ಲೂ, ಗ್ರಾಮಸಭೆಯ ಮುಂದೆ ಬರಲಿ. ಪ್ರಯೋಗವನ್ನು ಮಾರುವವರಲ್ಲದವರು ನಡೆಸಲಿ. ಅನುಮತಿಯ ನಂತರವೂ ಹತ್ತು ವರ್ಷ ಕಾವಲಿರಲಿ, ತೆಗೆದುಹಾಕುವ ವೆಚ್ಚವನ್ನು ಬೀಜ ಮಾರಿದವರು ಮೊದಲೇ ಠೇವಣಿಯಿಡಲಿ. ಜೋಳ ಸಜ್ಜೆಗಳ ಹುಲ್ಲಿನ ಕುಲಕ್ಕೆ ಕಳೆನಾಶಕದ ಗುಣವನ್ನು ಸೇರಿಸುವುದೇ ಬೇಡ.

ಬಳ್ಳಾರಿ ಜಾಲಿಯನ್ನು ಬಿತ್ತುವಾಗ ನಮ್ಮ ಹಿರಿಯರನ್ನು ಯಾರೂ ಕೇಳಲಿಲ್ಲ; ಕೇಳದಿದ್ದುದನ್ನು ಅವರೂ ಪ್ರಶ್ನಿಸಲಿಲ್ಲ. ನಮ್ಮನ್ನು ಕೇಳದೆ ಬಿತ್ತಿದ ಮತ್ತೊಂದು ಗಿಡಕ್ಕೆ ಮೊಮ್ಮಕ್ಕಳು ನಮ್ಮ ಊರಿನ ಹೆಸರಿಟ್ಟು ಕರೆಯುವಂತಾಗದಿರಲಿ.