ಶಿಕ್ಷಣ ಯೋಜನೆಯಲ್ಲಿ ಜಿಲ್ಲೆಯ ಸ್ಥಾನ

ನಮ್ಮ ದೇಶದ ಪ್ರತಿಯೊಂದು ಜಿಲ್ಲೆಯೂ ವರ್ಷಕ್ಕೊಮ್ಮೆ ತನ್ನ ಶಾಲೆಗಳಿಗೆ ಬೇಕಾದ ಕೊಠಡಿ, ಶೌಚಾಲಯ, ಶಿಕ್ಷಕರ ತರಬೇತಿ, ಅಂಗವಿಕಲ ಮಕ್ಕಳ ಸೌಕರ್ಯ ಮುಂತಾದುವುಗಳನ್ನೆಲ್ಲ ಕೋಷ್ಟಕಗಳಲ್ಲಿ ತುಂಬಿ, ವಾರ್ಷಿಕ ಕಾರ್ಯಯೋಜನೆ ಮತ್ತು ಆಯವ್ಯಯವೆಂಬ ಹೆಸರಿನಿಂದ ರಾಜಧಾನಿಗೆ ಕಳುಹಿಸುತ್ತದೆ. ರಾಜ್ಯವು ಅವೆಲ್ಲವನ್ನೂ ಒಟ್ಟುಗೂಡಿಸಿ ದೆಹಲಿಯ ಯೋಜನಾ ಅನುಮೋದನಾ ಮಂಡಳಿಯ ಮುಂದಿಡುತ್ತದೆ. ಅಲ್ಲಿ ಕೂಡಿಸಿ ಕಳೆದು ಉಳಿದುದು ಜಿಲ್ಲೆಗೆ ಹಿಂದಿರುಗುತ್ತದೆ. ಈ ಕ್ರಮವು ಇಂದು ಎಲ್ಲರಿಗೂ ಸಹಜವೆನಿಸಿದ್ದರೂ, ಜಿಲ್ಲೆಯು ತನ್ನ ಶಿಕ್ಷಣದ ಯೋಜನೆಯನ್ನು ತಾನೇ ರೂಪಿಸಬೇಕೆಂಬ ವಿಚಾರವು ದಶಕಗಳ ಚಿಂತನೆ ಮತ್ತು ಪ್ರಯೋಗಗಳಿಂದ ಪಕ್ವವಾಗಿ ಬಂದುದೆಂಬುದನ್ನೂ, ಅದರ ಅರ್ಧಭಾಗವು ಇನ್ನೂ ಕಾರ್ಯಗತವಾಗಿಲ್ಲವೆಂಬುದನ್ನೂ ನಾವು ಮರೆಯಲಾಗದು.

ಸ್ವಾತಂತ್ರ್ಯಪೂರ್ವದಲ್ಲಿ ಜಿಲ್ಲೆಗೆ ಶಾಲೆಗಳ ಆಡಳಿತವಿತ್ತು, ಯೋಜನೆಯಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ 1923ರ ಪ್ರಾಥಮಿಕ ಶಿಕ್ಷಣ ಕಾಯಿದೆಯು ಪ್ರಾಥಮಿಕ ಶಾಲೆಗಳನ್ನು ಜಿಲ್ಲಾ ಲೋಕಲ್ ಬೋರ್ಡುಗಳಿಗೆ ವಹಿಸಿತು. 1947ರ ಕಾಯಿದೆಯು ಜಿಲ್ಲಾ ಸ್ಕೂಲ್ ಬೋರ್ಡುಗಳನ್ನು ನೆಲೆಗೊಳಿಸಿತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳ ಹಿರಿಯರಿಗೆ ಆ ಸ್ಕೂಲ್ ಬೋರ್ಡುಗಳೂ, ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದವರಿಗೆ ಬೋರ್ಡು ಶಾಲೆಗಳೂ ಚೆನ್ನಾಗಿ ಪರಿಚಿತವಾಗಿದ್ದುವು. ಶಾಲೆಯ ಬಾಡಿಗೆ, ಮೇಷ್ಟ್ರ ಸಂಬಳ, ವರ್ಗಾವರ್ಗಿ ಇವೇ ಆ ಮಂಡಳಿಗಳ ಮುಖ್ಯ ಕಾರ್ಯಗಳಾಗಿದ್ದು, ಮುಂದಿನ ಹತ್ತು ವರ್ಷಗಳಲ್ಲಿ ಯಾವ ಊರಿನಲ್ಲಿ ಎಷ್ಟು ಮಕ್ಕಳಿಗೆ ಎಂತಹ ಶಿಕ್ಷಣ ಬೇಕಾದೀತೆಂದು ಚಿಂತಿಸುವ ಹೊಣೆಯು ಅವುಗಳ ಮೇಲಿರಲಿಲ್ಲ. ಪಂಚವಾರ್ಷಿಕ ಯೋಜನೆಗಳು ಬಂದಮೇಲೆ ಪರಿಸ್ಥಿತಿಯು ತಲೆಕೆಳಗಾಯಿತು: ಯೋಜನೆಯು ಬಂದಿತು, ಆದರೆ ಅದು ದೆಹಲಿಯಲ್ಲಿಯೂ ರಾಜ್ಯಗಳ ರಾಜಧಾನಿಗಳಲ್ಲಿಯೂ ನೆಲೆಸಿತು; ಜಿಲ್ಲೆಗೆ ಗುರಿಗಳು ಮಾತ್ರ ಇಳಿದು ಬರುತ್ತಿದ್ದುವು.

ಈ ಎರಡು ಧಾರೆಗಳನ್ನು ಕೂಡಿಸಬೇಕೆಂದು ಗಟ್ಟಿಯಾಗಿ ಹೇಳಿದುದು ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯಲ್ಲಿ 1964ರಿಂದ 1966ರವರೆಗೆ ಕೆಲಸಮಾಡಿದ ಶಿಕ್ಷಣ ಆಯೋಗ. ಪ್ರತಿ ಜಿಲ್ಲೆಗೂ ಒಂದು ಶಾಲಾ ಮಂಡಳಿಯಿರಬೇಕೆಂದೂ, ನೆರೆಹೊರೆಯ ಶಾಲೆಗಳು ಸಂಕುಲಗಳಾಗಿ ಒಂದಕ್ಕೊಂದು ನೆರವಾಗಬೇಕೆಂದೂ, ಯೋಜನೆಯು ಶಾಲೆಯಿಂದಲೇ ಆರಂಭವಾಗಬೇಕೆಂದೂ ಅದು ಪ್ರತಿಪಾದಿಸಿತು. ಆಯೋಗದ ಕಾರ್ಯದರ್ಶಿಯಾಗಿದ್ದ ಜೆ. ಪಿ. ನಾಯಕರು ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ನೆಲೆಸಿ ಗ್ರಾಮಸೇವೆಯನ್ನು ಕೈಗೊಂಡಿದ್ದವರೆಂಬುದು ಇಲ್ಲಿ ಸ್ಮರಣೀಯ. ಸಂಕುಲದ ವಿಚಾರವನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮತ್ತೆ ಎತ್ತಿಕೊಳ್ಳಬೇಕಾಯಿತೆಂದರೆ, ನಡುವಿನ ಅರ್ಧ ಶತಮಾನದಲ್ಲಿ ಅದು ಎಷ್ಟರಮಟ್ಟಿಗೆ ಕಡತದಲ್ಲಿಯೇ ಉಳಿಯಿತೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

1986ರ ರಾಷ್ಟ್ರೀಯ ನೀತಿಯು ಜಿಲ್ಲೆಗೆ ಒಂದು ವಿದ್ಯಾಸಂಸ್ಥೆಯನ್ನೇ ಕೊಟ್ಟಿತು. ಅದೇ ಇಂದಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಎಂದರೆ ಡಯಟ್. ಮರುವರ್ಷವೇ ಕರ್ನಾಟಕದಲ್ಲಿ ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಮುತುವರ್ಜಿಯಿಂದ ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದು, ಶಾಲೆಗಳ ಹೊಣೆಯನ್ನು ವಹಿಸಿಕೊಂಡುವು. ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಈ ಬಗೆಯ ವ್ಯವಸ್ಥೆಗೆ ದೇಶದಾದ್ಯಂತ ಆಧಾರವನ್ನು ಒದಗಿಸಿದುವು: ಹನ್ನೊಂದನೆಯ ಅನುಸೂಚಿಯು ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನು ಪಂಚಾಯತಿಗಳ ವಿಷಯವೆಂದು ಹೆಸರಿಸಿತು, ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾ ಯೋಜನಾ ಸಮಿತಿಯು ರಚಿತವಾಗಬೇಕೆಂದು ವಿಧಿಸಲಾಯಿತು.

ಆದರೆ ಸರಿಯಾಗಿ ಅದೇ ಕಾಲಕ್ಕೆ ಎರಡನೆಯದೊಂದು ಮಾರ್ಗವೂ ತೆರೆಯಿತು. 1994ರಲ್ಲಿ ಏಳು ರಾಜ್ಯಗಳ 42 ಜಿಲ್ಲೆಗಳಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು, ಸ್ತ್ರೀ ಸಾಕ್ಷರತೆಯು ಹಿಂದುಳಿದಿದ್ದ ಜಿಲ್ಲೆಗಳನ್ನು ವಿಶೇಷವಾಗಿ ಆರಿಸಿಕೊಂಡಿತು. ನಮ್ಮಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರುಗಳು ಮೊದಲ ಹಂತದಲ್ಲಿದ್ದುವು. ಈ ಕಾರ್ಯಕ್ರಮದ ಉಪಕಾರವು ಅಲ್ಪವಲ್ಲ. ಮನೆಮನೆಗೆ ಹೋಗಿ ಶಾಲೆಗೆ ಬಾರದ ಮಕ್ಕಳನ್ನು ಗುರುತಿಸುವುದು, ಶಾಲೆಯಿಲ್ಲದ ಹಟ್ಟಿ ತಾಂಡಾಗಳನ್ನು ನಕ್ಷೆಯ ಮೇಲೆ ಎತ್ತಿ ತೋರಿಸುವುದು, ವಿವಿಧ ಇಲಾಖೆಗಳವರು ಒಂದೆಡೆ ಕುಳಿತು ಜಿಲ್ಲೆಯ ಸಮಗ್ರ ಚಿತ್ರವನ್ನು ರಚಿಸುವುದು, ಇವೆಲ್ಲ ಅಲ್ಲಿಂದಲೇ ಪದ್ಧತಿಯಾದುವು. ಪ್ರತಿ ಶಾಲೆಯ ಮಾಹಿತಿಯನ್ನು ವರ್ಷವರ್ಷವೂ ಸಂಗ್ರಹಿಸುವ ಡೈಸ್ ವ್ಯವಸ್ಥೆಯೂ ಅದರ ಕೊಡುಗೆಯೇ. ಆದರೆ ಅದರ ಹಣವು ರಾಜ್ಯಮಟ್ಟದ ನೋಂದಾಯಿತ ಸಂಘದ ಮೂಲಕ ಹರಿಯಿತೇ ಹೊರತು ಚುನಾಯಿತ ಜಿಲ್ಲಾ ಪಂಚಾಯತಿಯ ಮೂಲಕವಲ್ಲ. 2001ರ ಸರ್ವ ಶಿಕ್ಷಣ ಅಭಿಯಾನವೂ 2018ರ ಸಮಗ್ರ ಶಿಕ್ಷಣವೂ ಇದೇ ಜಾಡಿನಲ್ಲಿ ಸಾಗಿದುವು. ಹೀಗೆ ಸಂವಿಧಾನವು ಜಿಲ್ಲೆಗೆ ಕೊಟ್ಟ ಯೋಜನಾ ಸಮಿತಿಯು ಒಂದು ಕಡೆಗೂ, ಶಾಲೆಗಳ ನಿಜವಾದ ಯೋಜನೆಯು ಮತ್ತೊಂದು ಕಡೆಗೂ ಉಳಿದು, ಜಿಲ್ಲೆಯು ಎಣಿಸುವುದರಲ್ಲಿ ನಿಪುಣವಾಯಿತೇ ವಿನಾ ನಿರ್ಧರಿಸುವ ಅಧಿಕಾರವನ್ನು ಪಡೆಯಲಿಲ್ಲ.

ಇದರ ಪರಿಣಾಮವನ್ನು ಹತ್ತಿರದಿಂದ ನೋಡಬೇಕು. ಡೈಸ್ ನಮೂನೆಯನ್ನು ದೀರ್ಘಕಾಲ ಸೆಪ್ಟೆಂಬರ್ 30ರಂದು ಇದ್ದ ಸ್ಥಿತಿಯನ್ನಾಧರಿಸಿ ತುಂಬಲಾಗುತ್ತಿತ್ತು. ರಾಯಚೂರು, ಕಲಬುರಗಿ, ಯಾದಗಿರಿಗಳ ಒಣಭೂಮಿಯ ಹಳ್ಳಿಗಳಲ್ಲಿ ಆ ದಿನ ಮಕ್ಕಳು ತರಗತಿಯಲ್ಲಿರುತ್ತಾರೆ. ಮುಖ್ಯೋಪಾಧ್ಯಾಯರು ಬರೆದ ಸಂಖ್ಯೆಯಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಹಂಗಾಮಿನ ಕೆಲಸ ಮುಗಿದೊಡನೆ ಕುಟುಂಬಗಳು ಕಬ್ಬು ಕಡಿಯಲೋ ಪಟ್ಟಣಗಳ ಕಟ್ಟಡದ ಕೆಲಸಕ್ಕೋ ಗುಳೆ ಹೊರಡುತ್ತವೆ. ತಂಗಿಯನ್ನು ಸೊಂಟದ ಮೇಲೆ ಹೊತ್ತ ಹುಡುಗಿಯೂ ಅವರೊಡನೆ ಹೊರಡುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತುಗಳು ಬೀಳುತ್ತವೆ. ಟೆಂಟ್ ಶಾಲೆಗಳಿಗೂ ಹಂಗಾಮಿ ವಸತಿನಿಲಯಗಳಿಗೂ ಯೋಜನೆಯಲ್ಲಿ ಅವಕಾಶವಿರುವುದು ನಿಜ; ಆದರೆ ಯಾವ ಹೋಬಳಿಯಿಂದ ಯಾವ ವಾರ ಜನರು ಹೊರಡುತ್ತಾರೆಂಬುದನ್ನು ಬಲ್ಲವರು ಊರಿನವರು, ನಿಲಯವನ್ನು ಯಾವಾಗ ತೆರೆಯಬಹುದೆಂದು ನಿರ್ಧರಿಸುವವರು ಮಂಜೂರಾತಿಯನ್ನು ನೀಡುವ ದೂರದ ಕಚೇರಿಯವರು. ಈಚೆಗೆ ಪ್ರತಿ ವಿದ್ಯಾರ್ಥಿಯ ವಿವರವೂ ಪ್ರತ್ಯೇಕವಾಗಿ ದಾಖಲಾಗುತ್ತಿರುವುದರಿಂದ ಮಾಹಿತಿಯು ಸೂಕ್ಷ್ಮವಾಗಿದೆ. ನಿರ್ಧಾರವು ಮಾತ್ರ ಇದ್ದಲ್ಲಿಯೇ ಇದೆ.

ಮಲೆನಾಡಿನಲ್ಲಿ ಇದೇ ಸಮಸ್ಯೆಗೆ ಬೇರೊಂದು ರೂಪವಿದೆ. ವಾಸಸ್ಥಾನದಿಂದ ಒಂದು ಕಿಲೋಮೀಟರಿನೊಳಗೆ ಕಿರಿಯ ಪ್ರಾಥಮಿಕ ಶಾಲೆಯಿರಬೇಕೆಂಬುದು ನಮ್ಮ ಅಳತೆಗೋಲು. ಉತ್ತರ ಕನ್ನಡದ ಘಟ್ಟದ ಊರುಗಳಲ್ಲಿ ನಕ್ಷೆಯ ಪ್ರಕಾರ ಹತ್ತಿರದಲ್ಲಿಯೇ ಇರುವ ಶಾಲೆಯು ಮಳೆಗಾಲದಲ್ಲಿ ಹಳ್ಳದ ಆಚೆಗಿರುತ್ತದೆ. ಆ ಮಕ್ಕಳಿಗೆ ಬೇಕಾದುದು ಮತ್ತೊಂದು ಶಾಲೆಯಲ್ಲ, ಒಂದು ಕಾಲುಸಂಕ. ಶಿಕ್ಷಣದ ಕೋಷ್ಟಕದಲ್ಲಿ ಕಾಲುಸಂಕಕ್ಕೆ ಲೆಕ್ಕಶೀರ್ಷಿಕೆಯಿಲ್ಲ. ಸಂಕವನ್ನು ಕಟ್ಟುವ ಇಲಾಖೆಗೆ ಶಾಲೆಯ ಹಾಜರಿಯು ಗೋಚರಿಸುವುದಿಲ್ಲ. ಈ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಬಲ್ಲ ಸ್ಥಾನವೆಂದರೆ ಜಿಲ್ಲೆಯೊಂದೇ. ಜಿಲ್ಲಾ ಯೋಜನಾ ಸಮಿತಿಯನ್ನು ಸಂವಿಧಾನವು ಕಲ್ಪಿಸಿದುದೂ ಇಂತಹ ಕಾರ್ಯಕ್ಕಾಗಿಯೇ.

ಜಿಲ್ಲೆಗೆ ಅಧಿಕಾರವನ್ನು ಕೊಟ್ಟರೆ ಬಲಿಷ್ಠ ತಾಲ್ಲೂಕುಗಳು ಹಣವನ್ನು ಸೆಳೆದುಕೊಂಡಾವೆಂಬ ಆತಂಕವು ನಿರಾಧಾರವಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ನಮ್ಮ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿದಾಗ, ಜಿಲ್ಲೆಯ ಸರಾಸರಿಯು ಎಷ್ಟು ಹಿಂದುಳಿದಿರುವಿಕೆಯನ್ನು ಮರೆಮಾಚಬಲ್ಲುದೆಂಬುದು ಸ್ಪಷ್ಟವಾಯಿತು. ಆದುದರಿಂದ ಹಿಂದುಳಿದ ತಾಲ್ಲೂಕಿಗೆ ಹೆಚ್ಚಿನ ಪಾಲನ್ನು ಖಚಿತಪಡಿಸುವ ಹೊಣೆಯು ರಾಜ್ಯದ್ದಾಗಿಯೇ ಉಳಿಯಬೇಕು. ಆದರೆ ಕೆಳಗಿನವರಿಗೆ ಸಾಮರ್ಥ್ಯವಿಲ್ಲವೆಂಬ ಎರಡನೆಯ ಆಕ್ಷೇಪವನ್ನು ಒಪ್ಪಲಾಗದು. ಇಂದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಲ್ಲೆಲ್ಲ ಬಳಕೆಯಲ್ಲಿರುವ ನಲಿ-ಕಲಿ ಪದ್ಧತಿಯು 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ಕಂಡು ಬಂದು, ತಮ್ಮ ಶಾಲೆಗಳಿಗೆ ಒಗ್ಗುವಂತೆ ಕಲಿಕೆಯ ಕಾರ್ಡುಗಳನ್ನು ತಾವೇ ರಚಿಸಿದುದರಿಂದ ಹುಟ್ಟಿದುದು. ಹಿಂದುಳಿದ ಕಾಡಂಚಿನ ತಾಲ್ಲೂಕೊಂದು ಇಡೀ ರಾಜ್ಯಕ್ಕೆ ಪದ್ಧತಿಯೊಂದನ್ನು ಕಲಿಸಬಲ್ಲುದಾದರೆ, ತನ್ನ ಶಾಲೆಗೆ ಏನು ಬೇಕೆಂದು ನಿರ್ಧರಿಸಲಾರದೆಂಬ ವಾದಕ್ಕೆ ಬಲವೆಲ್ಲಿಯದು?

ಮೇಲಾಗಿ, ಕಾನೂನು ಈಗಾಗಲೇ ನಮ್ಮ ಪಕ್ಷದಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 22ನೆಯ ಪ್ರಕರಣವು ಶಾಲಾ ಸಮಿತಿಯು ಸಿದ್ಧಪಡಿಸುವ ಶಾಲಾಭಿವೃದ್ಧಿ ಯೋಜನೆಯೇ ಸರ್ಕಾರದ ಯೋಜನೆಗಳಿಗೂ ಅನುದಾನಗಳಿಗೂ ಆಧಾರವಾಗತಕ್ಕದ್ದೆಂದು ಹೇಳುತ್ತದೆ. ನಮ್ಮ ಎಸ್‌ಡಿಎಂಸಿಗಳು, ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಕಾಯಿದೆಗಿಂತಲೂ ಮುಂಚಿತವಾಗಿ, 2001ರಲ್ಲಿಯೇ, ರಚಿತವಾದುವು. ಹಾಗಿದ್ದೂ ತಂದೆತಾಯಿಗಳು ಸಭೆಯಲ್ಲಿ ಕುಳಿತು ಬರೆಸಿದ ಬೇಡಿಕೆಯು ಕ್ಲಸ್ಟರು, ತಾಲ್ಲೂಕು, ಜಿಲ್ಲೆಗಳನ್ನು ದಾಟುತ್ತ ದಾಟುತ್ತ ಒಂದು ಅಂಕಿಯಾಗಿ ಕರಗಿಹೋಗುತ್ತದೆ. ಅದು ಅಂಗೀಕೃತವಾಯಿತೋ ತಿರಸ್ಕೃತವಾಯಿತೋ ಎಂಬ ಉತ್ತರವು ಆ ಊರಿಗೆ ಮರಳಿ ಬರುವುದಿಲ್ಲ.

ಆದಕಾರಣ ಮೂರು ಕಾರ್ಯಗಳು ಕೂಡಲೇ ಆಗತಕ್ಕವು. ಶಾಲಾ ಶಿಕ್ಷಣದ ಹಣದಲ್ಲಿ ಒಂದು ನಿಶ್ಚಿತ ಭಾಗವು ಯಾವ ಶೀರ್ಷಿಕೆಗೂ ಕಟ್ಟುಬೀಳದೆ ಜಿಲ್ಲಾ ಯೋಜನಾ ಸಮಿತಿಯ ವಿವೇಚನೆಗೆ ಸೇರಬೇಕು. ಗುಳೆಯ ಕಾಲದ ನಿಲಯವಾಗಲಿ, ಹಳ್ಳದ ಮೇಲಿನ ಸಂಕವಾಗಲಿ, ಅದರಿಂದ ಆಗಬೇಕು. ಶಾಲೆಯ ಯೋಜನೆಯಿಂದ ಯಾವುದಾದರೊಂದು ಬೇಡಿಕೆಯನ್ನು ತೆಗೆದುಹಾಕಿದರೆ, ತೆಗೆದವರು ಕಾರಣವನ್ನು ಬರೆದು ಎಸ್‌ಡಿಎಂಸಿಗೆ ತಿಳಿಸಬೇಕು. ಡಯಟ್‌ಗಳಲ್ಲಿ ಯೋಜನೆಯನ್ನೇ ವೃತ್ತಿಯಾಗಿ ಅಭ್ಯಾಸ ಮಾಡಿದವರನ್ನು ನೇಮಿಸಿ, ಅವರು ಒಂದು ಜಿಲ್ಲೆಯನ್ನು ಅರಿಯುವಷ್ಟು ಕಾಲ ಅಲ್ಲಿಯೇ ನಿಲ್ಲುವಂತೆ ಮಾಡಬೇಕು. ಇವುಗಳಲ್ಲಿ ಮೊದಲಿನದಕ್ಕೆ ದೆಹಲಿಯ ಸಮ್ಮತಿಯು ಸ್ವಲ್ಪಮಟ್ಟಿಗೆ ಬೇಕಾದೀತು. ಉಳಿದೆರಡನ್ನು ಬೆಂಗಳೂರು ತನ್ನ ಆದೇಶದಿಂದಲೇ ಜಾರಿಗೆ ತರಬಹುದು. ಕೊಠಾರಿ ಆಯೋಗವು ಕೇಳಿದುದೂ, ಸಂವಿಧಾನವು ವಿಧಿಸಿದುದೂ, ಶಿಕ್ಷಣ ಹಕ್ಕು ಕಾಯಿದೆಯು ಆಜ್ಞಾಪಿಸಿದುದೂ ಒಂದೇ ಆಗಿರುವಾಗ, ಇನ್ನೊಂದು ಸಮಿತಿಯ ವರದಿಗಾಗಿ ಕಾಯುವ ಅವಶ್ಯಕತೆಯು ಕರ್ನಾಟಕಕ್ಕಿಲ್ಲ. ಬರುವ ಶೈಕ್ಷಣಿಕ ವರ್ಷದ ಆಯವ್ಯಯದಲ್ಲಿಯೇ ಅದು ಈ ಕಾರ್ಯವನ್ನು ಆರಂಭಿಸಬೇಕು.